ಸರ್ವರ್ ಬಿದ್ದಾಗ ಬ್ರೌಸರ್‌ಗೆ ಕಾಣುವುದೇನು: ಕನೆಕ್ಷನ್ ದೋಷ ನಿವಾರಣೆ ಕೈಪಿಡಿ

ಸರ್ವರ್ ಕ್ರ್ಯಾಶ್ ಆಗಿದೆ ಎಂದು ಬ್ರೌಸರ್‌ಗೆ ಯಾರೂ ಹೇಳುವುದಿಲ್ಲ. ಅದಕ್ಕೆ ಕಾಣುವುದು ಮೂರೇ ಸಂಗತಿ: ಫಿನ್ ಪ್ಯಾಕೆಟ್ (ಕಳಿಸುವುದು ಮುಗಿಯಿತು ಎಂಬ ನಯವಾದ ಮುಕ್ತಾಯ) ಬಂತು, ಆರ್‌ಎಸ್‌ಟಿ ಪ್ಯಾಕೆಟ್ (ಕನೆಕ್ಷನ್ ಅನ್ನು ತಟ್ಟನೆ ಕಡಿಯುವ ರೀಸೆಟ್) ಬಂತು, ಇಲ್ಲವೇ ಏನೂ ಬರಲಿಲ್ಲ. ಪರದೆಯ ಮೇಲೆ ಮೂಡುವ ದೋಷ ಸಂದೇಶಗಳೆಲ್ಲ ಈ ಮೂರರಲ್ಲಿ ಒಂದು ಯಾವ ಹಂತದಲ್ಲಿ ನಡೆಯಿತು ಎಂಬುದರ ಮೇಲೆ ನಿಂತಿವೆ. ಹಾಗಾಗಿ ಸಂದೇಶವನ್ನು ಸರಿಯಾಗಿ ಓದಿದರೆ, ಸರ್ವರ್ ಯಂತ್ರಕ್ಕೆ ಲಾಗಿನ್ ಆಗುವ ಮೊದಲೇ ಸತ್ತಿದ್ದು ಪ್ರೋಸೆಸ್ಸೋ, ಯಂತ್ರವೋ, ನಡುವೆ ನಿಂತು ರಿಕ್ವೆಸ್ಟ್‌ಗಳನ್ನು ಆ್ಯಪ್‌ಗೆ ದಾಟಿಸುವ ಪ್ರಾಕ್ಸಿಯೋ ಎಂದು ಬಹುಮಟ್ಟಿಗೆ ಹೇಳಬಹುದು. ಪುಟವನ್ನು ಹತ್ತಾರು ಬಾರಿ ರಿಫ್ರೆಶ್ ಮಾಡಿದರೆ ಮಾತ್ರ ಈ ಸುಳಿವುಗಳು ಅಳಿಸಿಹೋಗುತ್ತವೆ. ಮೊದಲ ಸಲ ಕಂಡ ಸಂದೇಶವನ್ನೇ ಬರೆದಿಟ್ಟುಕೊಳ್ಳಿ.

ಮುಂದೆ ಬರುವ ಮೈನಸ್ ಸಂಖ್ಯೆಗಳು ಕ್ರೋಮ್ ಹಾಗೂ ಕ್ರೋಮಿಯಂ ಆಧಾರಿತ ಬ್ರೌಸರ್‌ಗಳ ದೋಷ ಸಂಕೇತಗಳು. ಫೈರ್‌ಫಾಕ್ಸ್ ಮತ್ತು ಸಫಾರಿಯಲ್ಲಿ ಮಾತುಗಳು ಬೇರೆ, ಒಳಗಿನ ಕಾರಣಗಳು ಒಂದೇ.

ಮೊದಲು ಗಡಿಯಾರ ನೋಡಿ

ದೋಷ ಬಂದದ್ದು ಎಷ್ಟು ಹೊತ್ತಿಗೆ ಎನ್ನುವುದು ಸಂದೇಶದಷ್ಟೇ ಮುಖ್ಯ. ಎಂಟರ್ ಒತ್ತಿದ ಕೂಡಲೇ ದೋಷ ಬಂದರೆ ಆ ತುದಿಯಿಂದ ಯಾರೋ ಉತ್ತರಿಸಿದ್ದಾರೆ, ಅಂದರೆ ಯಂತ್ರ ಬದುಕಿದೆ. ವಿಂಡೋಸ್ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಆರ್‌ಎಸ್‌ಟಿ ಬಂದರೂ ಅದು ಅರ್ಧ ಸೆಕೆಂಡಿನ ಅಂತರದಲ್ಲಿ ಇನ್ನೊಂದೆರಡು ಬಾರಿ ಸಿನ್ (ಕನೆಕ್ಷನ್ ಕೋರುವ ಮೊದಲ ಪ್ಯಾಕೆಟ್) ಕಳಿಸಿ ನೋಡುವುದರಿಂದ, ಲಿನಕ್ಸ್‌ನಲ್ಲಿ ಕಣ್ಣು ಮಿಟುಕಿಸುವುದರೊಳಗೆ ಬರುವ ದೋಷ ಅಲ್ಲಿ ಒಂದೆರಡು ಸೆಕೆಂಡ್ ತೆಗೆದುಕೊಳ್ಳುತ್ತದೆ.

ಬಹಳ ಹೊತ್ತು ಸುತ್ತಿ ಕೊನೆಗೆ ಟೈಮ್‌ಔಟ್ ಆದರೆ ಆ ತುದಿಯಲ್ಲಿ ಮೌನ. ಆ ಹೊತ್ತನ್ನು ಹೆಚ್ಚಾಗಿ ನಿರ್ಧರಿಸುವುದು ನಿಮ್ಮ ಆಪರೇಟಿಂಗ್ ಸಿಸ್ಟಮ್. ವಿಂಡೋಸ್‌ನಲ್ಲಿ ಸುಮಾರು 21 ಸೆಕೆಂಡ್, ಮ್ಯಾಕ್‌ಓಎಸ್‌ನಲ್ಲಿ ಸುಮಾರು 75 ಸೆಕೆಂಡ್. ಲಿನಕ್ಸ್‌ನಲ್ಲಿ ಸಿನ್ ಮರುಯತ್ನ 6 ಬಾರಿ ಎಂಬ ಡೀಫಾಲ್ಟ್ ಇದ್ದರೆ ಎರಡು ನಿಮಿಷಕ್ಕಿಂತ ತುಸು ಹೆಚ್ಚು. ಫೈರ್‌ಫಾಕ್ಸ್ ಸಿಸ್ಟಮ್‌ಗಾಗಿ ಅಷ್ಟು ಕಾಯದೆ 90 ಸೆಕೆಂಡಿಗೆ ತಾನೇ ಕೈಬಿಡುತ್ತದೆ. ಸರಿಯಾಗಿ 60 ಸೆಕೆಂಡಿಗೆ 504 (ಗೇಟ್‌ವೇ ಟೈಮ್‌ಔಟ್) ಪುಟ ಬಂದರೆ ಅದು ನಿಮ್ಮ ಯಂತ್ರದ ಟೈಮ್‌ಔಟ್ ಅಲ್ಲವೇ ಅಲ್ಲ, ನಡುವಿನ ಪ್ರಾಕ್ಸಿಯದು. ಇಂಥ ದುಂಡು ಸಂಖ್ಯೆ ಕಂಡಾಗಲೆಲ್ಲ ಇದನ್ನು ಯಾವ ಕಾನ್ಫಿಗ್ ಫೈಲ್‌ನಲ್ಲಿ ಬರೆದಿದ್ದಾರೆ ಎಂದು ಹುಡುಕಿ.

ಪ್ರೋಸೆಸ್ ಸತ್ತಿದೆ, ಯಂತ್ರ ಬದುಕಿದೆ

ಅತಿ ಸಾಮಾನ್ಯವಾದ ಕ್ರ್ಯಾಶ್ ಇದು. ಪ್ರೋಸೆಸ್ ತನ್ನದಲ್ಲದ ಮೆಮೊರಿ ಮುಟ್ಟಿ ಸೆಗ್‌ಫಾಲ್ಟ್ ಆಗಲಿ, ಮೆಮೊರಿ ಸಾಲದೆ ಕರ್ನಲ್ಲೇ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಅದನ್ನು ಕೊಲ್ಲಲಿ, ಅದು ತೆರೆದಿಟ್ಟ ಸಾಕೆಟ್‌ಗಳನ್ನು ಮುಚ್ಚುವ ಕೆಲಸ ಕರ್ನಲ್‌ನದು. ಆ ಕೆಲಸವನ್ನು ಅದು ತಪ್ಪದೆ ಮಾಡುತ್ತದೆ. ಸಾಯುವ ಹೊತ್ತಿನಲ್ಲಿ ಸಾಕೆಟ್‌ನ ರಿಸೀವ್ ಬಫರ್‌ನಲ್ಲಿ ಪ್ರೋಸೆಸ್ ಇನ್ನೂ ಓದದ ಡೇಟಾ ಉಳಿದಿದ್ದರೆ ಲಿನಕ್ಸ್ ಆರ್‌ಎಸ್‌ಟಿ ಕಳಿಸುತ್ತದೆ, ಬಫರ್ ಖಾಲಿ ಇದ್ದರೆ ಫಿನ್ ಕಳಿಸುತ್ತದೆ. ಒಂದೇ ಕ್ರ್ಯಾಶ್‌ನಲ್ಲಿ ಒಬ್ಬ ಬಳಕೆದಾರನಿಗೆ ರೀಸೆಟ್, ಇನ್ನೊಬ್ಬನಿಗೆ ಎಂಪ್ಟಿ ರೆಸ್ಪಾನ್ಸ್ ಕಾಣಿಸಲು ಇದೇ ಕಾರಣ. ದೊಡ್ಡ ಫೈಲ್ ಅಪ್‌ಲೋಡ್ ಮಾಡುತ್ತಿದ್ದವರಿಗೆ ಹೆಚ್ಚಾಗಿ ರೀಸೆಟ್ಟೇ ಬರುತ್ತದೆ. ಎರಡು ಬೇರೆ ದೋಷಗಳೆಂದು ಎರಡು ದೂರು ದಾಖಲಿಸುವ ಮುನ್ನ ಇದು ನೆನಪಿರಲಿ.

ಪ್ರೋಸೆಸ್ ಸತ್ತ ಮೇಲೆ ಬರುವ ಹೊಸ ಕನೆಕ್ಷನ್‌ಗಳದು ಬೇರೆ ದಾರಿ. ಆ ಪೋರ್ಟ್‌ನಲ್ಲಿ ಕೇಳುವವರಿಲ್ಲದ ಕಾರಣ ಸಿನ್‌ಗೆ ಕರ್ನಲ್ ಆರ್‌ಎಸ್‌ಟಿ ಕೊಡುತ್ತದೆ, ಬ್ರೌಸರ್ ಕನೆಕ್ಷನ್ ರಿಫ್ಯೂಸ್ಡ್, ಅಂದರೆ -102 ತೋರಿಸುತ್ತದೆ. ಯಂತ್ರ ಇದೆ, ನೆಟ್‌ವರ್ಕ್ ಇದೆ, ಸರ್ವಿಸ್ ಇಲ್ಲ ಎಂದು ಇದರ ಅರ್ಥ. ಎರಡು ವಿನಾಯಿತಿಗಳಿವೆ. ಫೈರ್‌ವಾಲ್‌ನಲ್ಲಿ ರಿಜೆಕ್ಟ್ ನಿಯಮವಿದ್ದರೂ -102 ಬರಬಹುದು. ಇನ್ನು ಡಾಕರ್‌ನಲ್ಲಿ ಪೋರ್ಟ್ ಪಬ್ಲಿಶ್ ಮಾಡಿ ಅದೇ ಯಂತ್ರದಿಂದ ಲೋಕಲ್‌ಹೋಸ್ಟ್ ಮೂಲಕ ನೋಡುತ್ತಿದ್ದರೆ, ಕಂಟೇನರ್ ಒಳಗಿನ ಆ್ಯಪ್ ಸತ್ತಿದ್ದರೂ ಹೊರಗಿನ ಡಾಕರ್ ಪ್ರಾಕ್ಸಿ ಕನೆಕ್ಷನ್ ಸ್ವೀಕರಿಸಿ ಮರುಕ್ಷಣವೇ ಮುಚ್ಚಬಹುದು. ರಿಫ್ಯೂಸ್ಡ್ ಬರಬೇಕಾದಲ್ಲಿ ರೀಸೆಟ್ ಅಥವಾ ಎಂಪ್ಟಿ ರೆಸ್ಪಾನ್ಸ್ ಬಂದು ತಲೆ ಕೆಡಿಸುವುದು ಹೀಗೆ.

ಕನೆಕ್ಷನ್ ಸಿಕ್ಕ ಮೇಲೆ ಪ್ರೋಸೆಸ್ ಸತ್ತರೆ ಯಾವ ಹಂತದಲ್ಲಿ ಸತ್ತಿತು ಎಂಬುದನ್ನು ಸಂಕೇತವೇ ಹೇಳುತ್ತದೆ. ರಿಕ್ವೆಸ್ಟ್‌ಗೂ ಮುಂಚಿನ ಟಿಎಲ್‌ಎಸ್ ಹ್ಯಾಂಡ್‌ಶೇಕ್ (ಗೂಢಲಿಪೀಕರಣದ ಒಪ್ಪಂದ) ನಡುವೆ ಫಿನ್ ಬಂದರೆ ಕನೆಕ್ಷನ್ ಕ್ಲೋಸ್ಡ್, -100. ಹೊಸ ಕನೆಕ್ಷನ್‌ನಲ್ಲಿ ರಿಕ್ವೆಸ್ಟ್ ಕಳಿಸಿ, ಒಂದು ಬೈಟ್ ಉತ್ತರವೂ ಬರುವ ಮುನ್ನ ಫಿನ್ ಬಂದರೆ ಎಂಪ್ಟಿ ರೆಸ್ಪಾನ್ಸ್, -324. ಎಲ್ಲಿಯಾದರೂ ಆರ್‌ಎಸ್‌ಟಿ ಬಂದರೆ ಕನೆಕ್ಷನ್ ರೀಸೆಟ್, -101.

ಹೆಡರ್‌ಗಳು ಬಂದು ಬಾಡಿ ಅರ್ಧಕ್ಕೆ ನಿಂತ ಪ್ರಸಂಗವನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ಲಾಗ್‌ಗಳನ್ನು ಅತಿ ಹೆಚ್ಚು ತಪ್ಪಾಗಿ ಓದುವುದು ಇಲ್ಲೇ. ಕಂಟೆಂಟ್ ಲೆಂತ್ ಹೆಡರ್‌ನಲ್ಲಿ 50,000 ಎಂದು ಹೇಳಿ 31,000 ಬೈಟ್ ಕಳಿಸಿದ ಮೇಲೆ ಫಿನ್ ಬಂದರೆ ಕಂಟೆಂಟ್ ಲೆಂತ್ ಮಿಸ್‌ಮ್ಯಾಚ್, -354. ಒಟ್ಟು ಉದ್ದ ಹೇಳದೆ ತುಂಡು ತುಂಡಾಗಿ, ಅಂದರೆ ಚಂಕ್ಡ್ ರೂಪದಲ್ಲಿ ಕಳಿಸುತ್ತಿದ್ದು, ಕೊನೆಯ ಸೊನ್ನೆ ಉದ್ದದ ಚಂಕ್ ಬರುವ ಮೊದಲೇ ಮುಚ್ಚಿದರೆ ಇನ್‌ಕಂಪ್ಲೀಟ್ ಚಂಕ್ಡ್ ಎನ್‌ಕೋಡಿಂಗ್, -355. ಎರಡರಲ್ಲೂ ಸ್ಟೇಟಸ್ 200 ಆಗಲೇ ಹೋಗಿರುತ್ತದೆ. ಡೆವಲಪರ್ ಟೂಲ್ಸ್‌ನ ಕನ್ಸೋಲ್‌ನಲ್ಲಿ ದೋಷದ ಪಕ್ಕದಲ್ಲೇ 200 ಓಕೆ ಎಂದು ಕಾಣಿಸುವುದು ಇದರಿಂದ. ಪ್ರಾಕ್ಸಿಯ ಆ್ಯಕ್ಸೆಸ್ ಲಾಗ್‌ನಲ್ಲೂ 200 ಎಂದೇ ದಾಖಲಾಗುತ್ತದೆ. 5 ರಿಂದ ಶುರುವಾಗುವ ಸಂಕೇತಗಳನ್ನಷ್ಟೇ ಎಣಿಸುವ ಮಾನಿಟರಿಂಗ್‌ಗೆ ಇಂಥ ಕ್ರ್ಯಾಶ್ ಸಿಗುವುದೇ ಇಲ್ಲ. ಪತ್ತೆಗೆ ಸುಲಭ ದಾರಿಯೆಂದರೆ, ಒಂದೇ ವಿಳಾಸಕ್ಕೆ ಕಳಿಸಿದ ಬೈಟ್‌ಗಳ ಸಂಖ್ಯೆಯನ್ನು ಲಾಗ್‌ನಲ್ಲಿ ಸಾಲಾಗಿಟ್ಟು ನೋಡುವುದು. ಗಾತ್ರ ಬದಲಾಗಬಾರದ ಫೈಲ್‌ಗೆ ಬೇರೆ ಬೇರೆ ಗಾತ್ರ ಕಂಡರೆ ಉತ್ತರ ಸಿಕ್ಕಿತು.

ಬ್ರೌಸರ್‌ಗೂ ಪ್ರಾಕ್ಸಿಗೂ ನಡುವೆ ಎಚ್‌ಟಿಟಿಪಿ 2 ಇದ್ದರೆ ಇದೇ ದೋಷ ವೇಷ ಬದಲಿಸುತ್ತದೆ. ಹಿಂದಿನ ಆ್ಯಪ್ ಬಾಡಿಯ ನಡುವೆ ಸತ್ತಾಗ ಪ್ರಾಕ್ಸಿ ಇಡೀ ಕನೆಕ್ಷನ್ ಮುಚ್ಚದೆ ಆ ಒಂದು ಸ್ಟ್ರೀಮ್ ಅನ್ನು ಮಾತ್ರ ರೀಸೆಟ್ ಮಾಡುತ್ತದೆ. ಕ್ರೋಮ್‌ನಲ್ಲಿ ಅದು ಎಚ್‌ಟಿಟಿಪಿ 2 ಪ್ರೋಟೋಕಾಲ್ ಎರರ್, -337 ಎಂದು ಕಾಣುತ್ತದೆ. ಹೆಸರು ನೋಡಿ ಪ್ರೋಟೋಕಾಲ್ ಸೆಟ್ಟಿಂಗ್ ತಡಕಾಡುವವರೇ ಹೆಚ್ಚು. ಎಚ್‌ಟಿಟಿಪಿ 2 ಆಫ್ ಮಾಡಿದರೆ -337 ಹೋಗಿ -354 ಅಥವಾ -355 ಬರುತ್ತದೆ ಅಷ್ಟೇ, ಆ್ಯಪ್ ಸಾಯುವುದು ನಿಲ್ಲುವುದಿಲ್ಲ.

ಸರ್ವರ್‌ನಲ್ಲಿ ಒಂದು ಮಾಸ್ಟರ್, ಹಲವು ವರ್ಕರ್‌ಗಳ ವ್ಯವಸ್ಥೆಯಿದ್ದರೆ ಕೇಳುವ ಸಾಕೆಟ್ ಮಾಸ್ಟರ್ ಕೈಯಲ್ಲಿರುತ್ತದೆ. ಅಲ್ಲಿ ವರ್ಕರ್ ಎಷ್ಟು ಬಾರಿ ಸತ್ತರೂ -102 ಬರುವುದಿಲ್ಲ. ಆಗಾಗ ಒಂದೊಂದು -324 ಅಥವಾ -101 ಬಂದು, ರಿಫ್ರೆಶ್ ಮಾಡಿದರೆ ಸರಿಹೋಗುತ್ತಿದ್ದರೆ ವರ್ಕರ್ ಕ್ರ್ಯಾಶ್ ಅನ್ನೇ ಮೊದಲು ಶಂಕಿಸಿ.

ಯಂತ್ರವೇ ಸತ್ತಿದೆ

ವಿದ್ಯುತ್ ಹೋಯಿತು, ಕರ್ನಲ್ ಪ್ಯಾನಿಕ್ ಆಯಿತು, ವರ್ಚುವಲ್ ಮೆಷೀನ್ ಹೆಪ್ಪುಗಟ್ಟಿತು ಅನ್ನಿ. ಫಿನ್ ಕಳಿಸಲು ಕೂಡ ಅಲ್ಲಿ ಯಾರೂ ಇಲ್ಲ. ಹೊಸ ಕನೆಕ್ಷನ್‌ಗಳು ಮೇಲೆ ಹೇಳಿದ ಅವಧಿಯವರೆಗೆ ಕಾಯ್ದು ಕನೆಕ್ಷನ್ ಟೈಮ್ಡ್ ಔಟ್, -118 ಕೊಡುತ್ತವೆ. ಸತ್ತ ಯಂತ್ರ ನಿಮ್ಮದೇ ಸಬ್‌ನೆಟ್‌ನಲ್ಲಿದ್ದರೆ ಅಷ್ಟು ಹೊತ್ತು ಬೇಕಿಲ್ಲ. ಎಆರ್‌ಪಿಗೆ (ಈ ಐಪಿ ವಿಳಾಸ ಯಾವ ಯಂತ್ರದ್ದು ಎಂದು ಸಬ್‌ನೆಟ್‌ನಲ್ಲಿ ಕೇಳುವ ಪ್ರಶ್ನೆ) ಉತ್ತರ ಬಾರದ ಕಾರಣ ಲಿನಕ್ಸ್ ಸುಮಾರು 3 ಸೆಕೆಂಡಿಗೇ ಹೋಸ್ಟ್ ಸಿಗುತ್ತಿಲ್ಲ ಎನ್ನುತ್ತದೆ, ಬ್ರೌಸರ್ ಅಡ್ರೆಸ್ ಅನ್‌ರೀಚಬಲ್, -109 ತೋರಿಸುತ್ತದೆ. ದೂರದ ಯಂತ್ರಕ್ಕೆ -118 ಬಂದಾಗ ಫೈರ್‌ವಾಲ್‌ನ ಡ್ರಾಪ್ ನಿಯಮವನ್ನೂ ಅಷ್ಟೇ ಗಟ್ಟಿಯಾಗಿ ಶಂಕಿಸಬೇಕು, ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಅದೇ ಯಂತ್ರದ ಬೇರೊಂದು ಪೋರ್ಟ್‌ಗೆ, ಉದಾಹರಣೆಗೆ 22ಕ್ಕೆ, ಸಂಪರ್ಕ ಸಿಗುತ್ತದೆಯೇ ನೋಡಿ. ಸಿಕ್ಕರೆ ಯಂತ್ರ ಬದುಕಿದೆ.

ಆಗಲೇ ತೆರೆದಿದ್ದ ಕನೆಕ್ಷನ್‌ಗಳ ಪಾಡು ಇನ್ನೂ ಕಷ್ಟ. ಬ್ರೌಸರ್ ಕಳಿಸಿದ ಡೇಟಾಗೆ ಅಕ್ನಾಲೆಜ್‌ಮೆಂಟ್ ಬಂದಿಲ್ಲವಾದರೆ ಟಿಸಿಪಿ ಮತ್ತೆ ಮತ್ತೆ ಕಳಿಸುತ್ತ ಹೋಗುತ್ತದೆ. ಲಿನಕ್ಸ್‌ನ ಡೀಫಾಲ್ಟ್ 15 ಮರುಯತ್ನಗಳಿಗೆ ಕನಿಷ್ಠ 924 ಸೆಕೆಂಡ್, ಅಂದರೆ ಹದಿನೈದು ನಿಮಿಷದ ಮೇಲೆ. ಅಕ್ನಾಲೆಜ್‌ಮೆಂಟ್ ಬಂದು, ಉತ್ತರಕ್ಕೆ ಕಾಯುತ್ತಿರುವಾಗ ಯಂತ್ರ ಸತ್ತರಂತೂ ಕಳಿಸುವುದಕ್ಕೇ ಏನೂ ಇಲ್ಲ, ಟಿಸಿಪಿ ತನ್ನಷ್ಟಕ್ಕೆ ಎಂದೆಂದೂ ಕಾಯಬಲ್ಲದು. ಆ ತುದಿ ಬದುಕಿದೆಯೇ ಎಂದು ಆಗಾಗ ಸಣ್ಣ ಪ್ರೋಬ್ ಕಳಿಸಿ ನೋಡುವ ಕೀಪ್‌ಅಲೈವ್ ಬೇಕಾಗುವುದು ಇಲ್ಲೇ. ಅದನ್ನು ಆನ್ ಮಾಡಿದರೂ ಲಿನಕ್ಸ್‌ನ ಡೀಫಾಲ್ಟ್ 7,200 ಸೆಕೆಂಡ್ ಮೌನದ ನಂತರ ಮೊದಲ ಪ್ರೋಬ್, ಆಮೇಲೆ 75 ಸೆಕೆಂಡಿಗೊಂದರಂತೆ 9 ಪ್ರೋಬ್. ಎರಡು ಗಂಟೆ ಯಾರು ಕಾಯುತ್ತಾರೆ? ಹಾಗಾಗಿ ಬ್ರೌಸರ್‌ಗಳು ತಮ್ಮದೇ ಲೆಕ್ಕ ಇಟ್ಟುಕೊಂಡಿವೆ. ಕ್ರೋಮ್ ತನ್ನ ಸಾಕೆಟ್‌ಗಳಿಗೆ 45 ಸೆಕೆಂಡಿನ ಕೀಪ್‌ಅಲೈವ್ ಹಾಕುತ್ತದೆ. ಫೈರ್‌ಫಾಕ್ಸ್ ಹೊಸ ಕನೆಕ್ಷನ್‌ನ ಮೊದಲ ನಿಮಿಷದಲ್ಲಿ 10 ಸೆಕೆಂಡ್ ಮೌನಕ್ಕೇ ಪ್ರೋಬ್ ಕಳಿಸುತ್ತದೆ, ಆಮೇಲೆ ಆ ಅವಧಿ 600 ಸೆಕೆಂಡಿಗೆ ಏರುತ್ತದೆ. ಜೊತೆಗೆ ಉತ್ತರವೇ ಬಾರದಿದ್ದರೆ 300 ಸೆಕೆಂಡಿಗೆ ಕೈಬಿಡುತ್ತದೆ.

ಎಚ್‌ಟಿಟಿಪಿ 2 ರಲ್ಲಿ ಪಿಂಗ್ ಫ್ರೇಮ್ ಇರುವುದರಿಂದ ಪತ್ತೆ ಬೇಗ. ಕನೆಕ್ಷನ್‌ನಲ್ಲಿ 10 ಸೆಕೆಂಡ್ ಏನೂ ಬಂದಿಲ್ಲದಿದ್ದರೆ ಕ್ರೋಮ್ ಮುಂದಿನ ರಿಕ್ವೆಸ್ಟ್ ಜೊತೆ ಪಿಂಗ್ ಕಳಿಸುತ್ತದೆ. ಇನ್ನು 10 ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ ಪಿಂಗ್ ಫೇಲ್ಡ್, -352 ಎಂದು ಆ ಕನೆಕ್ಷನ್ ಎಸೆಯುತ್ತದೆ. ಫೈರ್‌ಫಾಕ್ಸ್‌ನಲ್ಲಿ ಆ ಎರಡು ಸಂಖ್ಯೆಗಳು 58 ಮತ್ತು 8. ಲ್ಯಾಪ್‌ಟಾಪ್ ನಿದ್ರೆಯಿಂದ ಎದ್ದಾಗ, ವೈಫೈ ಬದಲಾದಾಗ ಕೂಡ -352 ಬರಬಹುದು. ಒಬ್ಬರಿಗೆ ಮಾತ್ರ ಬಂದರೆ ಸರ್ವರ್ ಕಡೆ ನೋಡುವ ಅಗತ್ಯವಿಲ್ಲ.

ಎಚ್‌ಟಿಟಿಪಿ 3 ಬಳಸುವ ಕ್ವಿಕ್ ಎಂಬ ಪ್ರೋಟೋಕಾಲ್ ಟಿಸಿಪಿ ಬದಲು ಯುಡಿಪಿ ಮೇಲೆ ನಡೆಯುವುದರಿಂದ ಅಲ್ಲಿ ಫಿನ್, ಆರ್‌ಎಸ್‌ಟಿ ಎಂಬ ಮಾತಿಲ್ಲ. ಮರಳಿ ಎದ್ದ ಸರ್ವರ್ ಹಳೆಯ ಕನೆಕ್ಷನ್‌ನ ನೆನಪು ಕಳೆದುಕೊಂಡಿದ್ದರೆ ಸ್ಟೇಟ್‌ಲೆಸ್ ರೀಸೆಟ್ ಎಂಬ ಪ್ಯಾಕೆಟ್ ಕಳಿಸಬಹುದು. ಆದರೆ ಅದರ ಕೀಲಿ ರೀಸ್ಟಾರ್ಟ್‌ಗೂ ಮುಂಚಿನದೇ ಆಗಿರಬೇಕು. ಪ್ರತಿ ಬಾರಿ ಹೊಸ ಕೀಲಿ ಸೃಷ್ಟಿಸುವ ಸರ್ವರ್‌ಗಳಿಂದ ಬ್ರೌಸರ್‌ಗೆ ಮೌನವಷ್ಟೇ ಸಿಗುತ್ತದೆ. ಕ್ವಿಕ್ ಕೈಕೊಟ್ಟು ಟಿಸಿಪಿ ಕೆಲಸ ಮಾಡಿದರೆ ಕ್ರೋಮ್ ಆ ಸರ್ವರ್‌ನ ಎಚ್‌ಟಿಟಿಪಿ 3 ಅನ್ನು ಮುರಿದಿದೆ ಎಂದು ಗುರುತು ಹಾಕಿ 5 ನಿಮಿಷ ದೂರವಿಡುತ್ತದೆ, ಮತ್ತೆ ಕೆಟ್ಟರೆ ಆ ಅವಧಿ ದುಪ್ಪಟ್ಟಾಗುತ್ತ ಹೋಗುತ್ತದೆ. ಸರ್ವರ್ ಸರಿಯಾದ ಮೇಲೂ ಕೆಲವರಿಗೆ ಎಚ್‌ಟಿಟಿಪಿ 3 ಸಿಗದಿರುವುದು ಇದರಿಂದ, ಅದು ದೋಷವಲ್ಲ.

ಯಂತ್ರ ರೀಬೂಟ್ ಆಗಿ ಮೇಲೆದ್ದ ಕೂಡಲೇ ರೀಸೆಟ್‌ಗಳ ಸುರಿಮಳೆ ಕಾಣುತ್ತದೆ. ಬ್ರೌಸರ್‌ಗಳು ಹಳೆಯ ಕನೆಕ್ಷನ್‌ನ ಪ್ಯಾಕೆಟ್‌ಗಳನ್ನು ಕಳಿಸುತ್ತಿರುತ್ತವೆ, ಹೊಸ ಕರ್ನಲ್‌ಗೆ ಅವುಗಳ ಪರಿಚಯವಿಲ್ಲ, ಹಾಗಾಗಿ ಆರ್‌ಎಸ್‌ಟಿ. ಗ್ರಾಫ್‌ನಲ್ಲಿ ರೀಸೆಟ್ ಏರಿದ ಕ್ಷಣ ಯಂತ್ರ ಬಿದ್ದ ಕ್ಷಣವಲ್ಲ, ಎದ್ದ ಕ್ಷಣ.

ಪ್ರೋಸೆಸ್ ಬದುಕಿದೆ, ಮಾತನಾಡುತ್ತಿಲ್ಲ

ಡೆಡ್‌ಲಾಕ್, ಮುಗಿಯದ ಲೂಪ್, ಡೇಟಾಬೇಸ್‌ಗಾಗಿ ಕಾಯುತ್ತ ಕುಳಿತ ಥ್ರೆಡ್‌ಗಳು: ಇವು ಕ್ರ್ಯಾಶ್‌ಗಿಂತ ಕೆಟ್ಟವು. ಟಿಸಿಪಿ ಹ್ಯಾಂಡ್‌ಶೇಕ್ ಮುಗಿಸುವುದು ಕರ್ನಲ್ ಆದ್ದರಿಂದ ಆ್ಯಪ್ ಹೆಪ್ಪುಗಟ್ಟಿದ್ದರೂ ಕನೆಕ್ಷನ್ ಸಿಗುತ್ತದೆ, ರಿಕ್ವೆಸ್ಟ್ ಹೋಗುತ್ತದೆ, ಅದಕ್ಕೆ ಅಕ್ನಾಲೆಜ್‌ಮೆಂಟ್ ಕೂಡ ಬರುತ್ತದೆ. ಪೋರ್ಟ್ ತೆರೆದಿದೆಯೇ ಎಂದಷ್ಟೇ ನೋಡುವ ಹೆಲ್ತ್ ಚೆಕ್ ಹಸಿರು ತೋರಿಸುತ್ತಲೇ ಇರುತ್ತದೆ. ಕೀಪ್‌ಅಲೈವ್ ಪ್ರೋಬ್‌ಗೂ ಉತ್ತರಿಸುವುದು ಕರ್ನಲ್ಲೇ, ಹಾಗಾಗಿ ಅದರಿಂದಲೂ ಪ್ರಯೋಜನವಿಲ್ಲ.

ಇದನ್ನು ಖಚಿತಪಡಿಸಲು ಸರ್ವರ್ ಯಂತ್ರದಲ್ಲಿ ಎಸ್‌ಎಸ್ ಆಜ್ಞೆಯಿಂದ ಕೇಳುವ ಸಾಕೆಟ್‌ಗಳ ಪಟ್ಟಿ ತೆಗೆಯಿರಿ. ಕೇಳುವ ಸಾಕೆಟ್‌ನ ಸಾಲಿನಲ್ಲಿ ರಿಸೀವ್ ಕ್ಯೂ ಎಂದರೆ ಆ್ಯಪ್ ಇನ್ನೂ ಎತ್ತಿಕೊಳ್ಳದ ಕನೆಕ್ಷನ್‌ಗಳ ಸಂಖ್ಯೆ, ಸೆಂಡ್ ಕ್ಯೂ ಎಂದರೆ ಆ ಸರದಿಯ ಮಿತಿ. ಮೊದಲನೆಯದು ಸೊನ್ನೆಗೆ ಇಳಿಯದೆ ಏರುತ್ತಿದ್ದರೆ ಆ್ಯಪ್ ಕೈಚೆಲ್ಲಿದೆ. ಮಿತಿ ಮುಟ್ಟಿದ ಮೇಲೆ ಲಿನಕ್ಸ್ ಹೊಸ ಸಿನ್‌ಗಳನ್ನು ಸದ್ದಿಲ್ಲದೆ ಬಿಡುತ್ತದೆ, ಆಗ ಹೊರಗಿನವರಿಗೆ ಯಂತ್ರವೇ ಸತ್ತಂತೆ -118 ಕಾಣುತ್ತದೆ. ಇದೇ ಕಾರಣಕ್ಕೆ ಒಂದೇ ಘಟನೆಯ ಮೊದಲ ಹತ್ತು ನಿಮಿಷದ ದೂರುಗಳು ಪುಟ ಸುತ್ತುತ್ತಲೇ ಇದೆ ಎಂದೂ ನಂತರದವು ಸಂಪರ್ಕವೇ ಸಿಗುತ್ತಿಲ್ಲ ಎಂದೂ ಇರುತ್ತವೆ.

ಬ್ರೌಸರ್ ಕಡೆಯಲ್ಲಿ ಇನ್ನೊಂದು ಪರಿಣಾಮವಿದೆ. ಎಚ್‌ಟಿಟಿಪಿ 1.1 ರಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್ ಒಂದು ಹೋಸ್ಟ್‌ಗೆ 6 ಕನೆಕ್ಷನ್ ಮಾತ್ರ ತೆರೆಯುತ್ತವೆ. ಆರೂ ಉತ್ತರವಿಲ್ಲದೆ ನೇತಾಡುತ್ತಿದ್ದರೆ ಏಳನೆಯ ರಿಕ್ವೆಸ್ಟ್ ಬ್ರೌಸರ್ ಬಿಟ್ಟು ಹೊರಡುವುದೇ ಇಲ್ಲ. ನೆಟ್‌ವರ್ಕ್ ಪ್ಯಾನೆಲ್‌ನ ಟೈಮಿಂಗ್ ಭಾಗದಲ್ಲಿ ಅದು ಸ್ಟಾಲ್ಡ್ ಎಂದು ನಿಂತಿರುತ್ತದೆ. ಸರ್ವರ್ ಲಾಗ್‌ನಲ್ಲಿ ಅದರ ಸುಳಿವಿರುವುದಿಲ್ಲ, ಹುಡುಕಿದರೆ ಸಿಗುವುದೂ ಇಲ್ಲ. ಪರೀಕ್ಷೆ ಮಾಡುವವರಿಗೆ ಒಂದು ಎಚ್ಚರಿಕೆ: ಒಂದೇ ವಿಳಾಸವನ್ನು ಎರಡು ಟ್ಯಾಬ್‌ನಲ್ಲಿ ತೆರೆದು ಹೋಲಿಸಬೇಡಿ. ಕ್ಯಾಶ್‌ಗೆ ಒಬ್ಬರೇ ಬರೆಯಬೇಕೆಂದು ಕ್ರೋಮ್ ಎರಡನೆಯದನ್ನು 20 ಸೆಕೆಂಡಿನವರೆಗೆ ತಡೆದಿಡುತ್ತದೆ. ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬೇರೆ ಬೇರೆ ಸಂಖ್ಯೆ ಸೇರಿಸಿ, ಇಲ್ಲವೇ ಕ್ಯಾಶ್ ನಿಷ್ಕ್ರಿಯಗೊಳಿಸಿ.

ಹಳೆಯ ಕನೆಕ್ಷನ್‌ನ ಮರುಬಳಕೆ, ತಾನೇ ನಡೆಯುವ ಮರುಯತ್ನ

ಬ್ರೌಸರ್ ಬಳಸಿದ ಕನೆಕ್ಷನ್ ಅನ್ನು ತಕ್ಷಣ ಎಸೆಯುವುದಿಲ್ಲ. ಕ್ರೋಮ್ ಸುಮಾರು 5 ನಿಮಿಷ, ಫೈರ್‌ಫಾಕ್ಸ್ 115 ಸೆಕೆಂಡ್ ಇಟ್ಟುಕೊಳ್ಳುತ್ತವೆ. ಸರ್ವರ್ ಅದನ್ನು ಮುಚ್ಚುವ ಹೊತ್ತಿಗೇ ಬ್ರೌಸರ್ ಹೊಸ ರಿಕ್ವೆಸ್ಟ್ ಕಳಿಸಿದರೆ ಎರಡೂ ದಾರಿಯಲ್ಲಿ ಎದುರಾಗಿ ಆರ್‌ಎಸ್‌ಟಿ ಬರುತ್ತದೆ. ಕ್ರ್ಯಾಶ್ ಇಲ್ಲದೆಯೂ ಇದು ದಿನವೂ ನಡೆಯುವ ಸಂಗತಿ. ಅದಕ್ಕಾಗಿ ಕ್ರೋಮ್ ಒಂದು ನಿಯಮ ಇಟ್ಟುಕೊಂಡಿದೆ: ಮರುಬಳಸಿದ ಕನೆಕ್ಷನ್‌ನಲ್ಲಿ ಹೆಡರ್ ಬರುವ ಮುನ್ನ ಅದು ಮುರಿದರೆ, ಬಳಕೆದಾರನಿಗೆ ಹೇಳದೆ ಮತ್ತೊಂದರಲ್ಲಿ ಅದೇ ರಿಕ್ವೆಸ್ಟ್ ಕಳಿಸುವುದು. ಹೊಸ ಕನೆಕ್ಷನ್‌ನಲ್ಲೇ ಮುರಿದರೆ ಮಾತ್ರ ದೋಷ ತೋರಿಸುವುದು.

ದೋಷ ಹುಡುಕುವವರಿಗೆ ಇದರಿಂದ ಎರಡು ತೊಡಕು. ಪುಟ ಸರಿಯಾಗಿ ತೆರೆದುಕೊಂಡಿತು ಎಂದಮಾತ್ರಕ್ಕೆ ಸರ್ವರ್ ಬೀಳಲಿಲ್ಲ ಎನ್ನುವಂತಿಲ್ಲ. ಎರಡನೆಯದು ಗಂಭೀರ: ಒಂದು ನಿರ್ದಿಷ್ಟ ರಿಕ್ವೆಸ್ಟ್ ಪ್ರೋಸೆಸ್‌ನ ಜೀವ ತೆಗೆಯುತ್ತಿದ್ದರೆ ಈ ಮರುಯತ್ನ ಅದೇ ಮದ್ದನ್ನು ಇನ್ನೊಂದು ವರ್ಕರ್‌ಗೂ ಕುಡಿಸುತ್ತದೆ. ಪ್ರಾಕ್ಸಿಯಾಗಿ ಬಳಸುವ ಎಂಜಿನ್‌ಎಕ್ಸ್ ಕೂಡ ಡೀಫಾಲ್ಟ್ ಆಗಿ, ಒಂದು ಅಪ್‌ಸ್ಟ್ರೀಮ್ (ಅದರ ಹಿಂದಿರುವ ಆ್ಯಪ್ ಸರ್ವರ್) ಕೆಟ್ಟರೆ ಗೆಟ್ ರಿಕ್ವೆಸ್ಟ್ ಅನ್ನು ಮುಂದಿನದಕ್ಕೆ ದಾಟಿಸುತ್ತದೆ. ಒಂದು ಕ್ಲಿಕ್‌ಗೆ ನಾಲ್ಕೂ ಬ್ಯಾಕೆಂಡ್ ಸಾಲಾಗಿ ಬಿದ್ದ ಲಾಗ್ ಕಂಡರೆ, ಬಿದ್ದ ಕ್ಷಣಕ್ಕಿಂತ ಮುಂಚೆ ನಾಲ್ಕರಲ್ಲೂ ಸಾಮಾನ್ಯವಾಗಿರುವ ವಿಳಾಸ ಯಾವುದೆಂದು ನೋಡಿ.

ಪೋಸ್ಟ್ ವಿಷಯದಲ್ಲಿ ಎಂಜಿನ್‌ಎಕ್ಸ್ 1.9.13 ರಿಂದೀಚೆಗೆ ಹುಷಾರು, ಅಪ್‌ಸ್ಟ್ರೀಮ್‌ಗೆ ಆಗಲೇ ಕಳಿಸಿದ್ದನ್ನು ನೀವು ಹೇಳದ ಹೊರತು ಮತ್ತೊಂದಕ್ಕೆ ಕಳಿಸುವುದಿಲ್ಲ. ಆದರೆ ಕ್ರ್ಯಾಶ್ ನಡೆದದ್ದು ಡೇಟಾಬೇಸ್‌ಗೆ ಬರೆದ ಮೇಲೋ ಮೊದಲೋ ಎಂದು ಬ್ರೌಸರ್‌ಗಾಗಲಿ ಪ್ರಾಕ್ಸಿಗಾಗಲಿ ತಿಳಿಯಲು ದಾರಿಯಿಲ್ಲ, ದೋಷ ಕಂಡ ಬಳಕೆದಾರ ಹೇಗೂ ಮತ್ತೆ ಒತ್ತುತ್ತಾನೆ. ಹಣ ಕಡಿತ, ಆರ್ಡರ್ ದಾಖಲೆಯಂಥ ಕಡೆ ಪ್ರತಿ ರಿಕ್ವೆಸ್ಟ್‌ಗೂ ಒಂದು ವಿಶಿಷ್ಟ ಕೀಲಿ ಕೊಟ್ಟು, ಅದೇ ಕೀಲಿ ಮತ್ತೆ ಬಂದರೆ ಹಳೆಯ ಫಲಿತಾಂಶವನ್ನೇ ಮರಳಿಸುವಂತೆ ಬರೆಯುವುದೊಂದೇ ಉಪಾಯ. ಎಚ್‌ಟಿಟಿಪಿ 2 ರಲ್ಲಿ ಸರ್ವರ್ ಗೋ ಅವೇ ಫ್ರೇಮ್ ಕಳಿಸಿ ಇಂಥ ಸ್ಟ್ರೀಮ್‌ನ ನಂತರದ್ದನ್ನು ಮುಟ್ಟಿಲ್ಲ ಎಂದು ಹೇಳಬಹುದು. ಅದು ನಯವಾಗಿ ನಿಲ್ಲಿಸಿದಾಗ ಸಿಗುವ ಸೌಲಭ್ಯ, ಕ್ರ್ಯಾಶ್ ಆದಾಗ ಅಷ್ಟು ಪುರುಸೊತ್ತು ಇರುವುದಿಲ್ಲ.

ನಡುವೆ ಪ್ರಾಕ್ಸಿ ಇದ್ದರೆ

ಪ್ರಾಕ್ಸಿ ಇದ್ದಾಗ ಬ್ರೌಸರ್‌ನ ಕನೆಕ್ಷನ್ ಚೆನ್ನಾಗಿಯೇ ಇರುತ್ತದೆ, ಕೆಟ್ಟ ಸುದ್ದಿ ಸ್ಟೇಟಸ್ ಸಂಕೇತವಾಗಿ ಬರುತ್ತದೆ. 502 ಎಂದರೆ ಹಿಂದಿನ ಆ್ಯಪ್ ನಿರಾಕರಿಸಿತು ಇಲ್ಲವೇ ಹೆಡರ್ ಕೊಡುವ ಮುನ್ನ ಮುಚ್ಚಿತು. 504 ಎಂದರೆ ಆ್ಯಪ್ ಮೌನವಾಗಿದೆ. ಎಂಜಿನ್‌ಎಕ್ಸ್‌ನ ಎರರ್ ಲಾಗ್‌ನಲ್ಲಿ 502 ರ ಎರಡು ಬಗೆಗಳೂ ಬೇರೆ ಬೇರೆಯಾಗಿ ಸಿಗುತ್ತವೆ. ಕನೆಕ್ಷನ್ ರಿಫ್ಯೂಸ್ಡ್ ಎಂದಿದ್ದರೆ ಆ್ಯಪ್ ಮೊದಲೇ ಸತ್ತಿತ್ತು. ಪ್ರಿಮೆಚ್ಯೂರ್ಲಿ ಕ್ಲೋಸ್ಡ್ ಎಂದಿದ್ದರೆ ಈ ರಿಕ್ವೆಸ್ಟ್ ನಡೆಯುತ್ತಿರುವಾಗಲೇ ಸತ್ತಿತು, ಹಾಗಾಗಿ ಇದೇ ಅದನ್ನು ಕೊಂದಿರಬಹುದು. ನೋ ಲೈವ್ ಅಪ್‌ಸ್ಟ್ರೀಮ್ಸ್ ಎಂದಿದ್ದರೆ ಎಲ್ಲವನ್ನೂ ಆಗಲೇ ಬದಿಗಿಡಲಾಗಿದೆ: ಡೀಫಾಲ್ಟ್ ಪ್ರಕಾರ ಒಂದು ಸೋಲಿಗೆ 10 ಸೆಕೆಂಡ್ ರಜೆ.

ಆಗಾಗ ಕಾರಣವಿಲ್ಲದೆ ಬರುವ 502ಗೆ ಹಳೆಯ ಅಪರಾಧಿಯೊಂದಿದೆ. ನೋಡ್‌ಜೆಎಸ್ ಖಾಲಿ ಕನೆಕ್ಷನ್ ಅನ್ನು ಡೀಫಾಲ್ಟ್ ಆಗಿ 5 ಸೆಕೆಂಡಿಗೆ ಮುಚ್ಚುತ್ತ ಬಂದಿದೆ, ಲೋಡ್ ಬ್ಯಾಲೆನ್ಸರ್‌ಗಳು ಸಾಮಾನ್ಯವಾಗಿ 60 ಸೆಕೆಂಡ್ ಇಟ್ಟುಕೊಳ್ಳುತ್ತವೆ. ಮುಚ್ಚಿದ ಬಾಗಿಲಿಗೆ ಬ್ಯಾಲೆನ್ಸರ್ ರಿಕ್ವೆಸ್ಟ್ ಕಳಿಸಿ 502 ಹುಟ್ಟುತ್ತದೆ. ಹಿಂದಿನವರ ಅವಧಿ ಮುಂದಿನವರ ಅವಧಿಗಿಂತ ಕೆಲವು ಸೆಕೆಂಡ್ ಹೆಚ್ಚಿರಬೇಕು. ಬ್ಯಾಲೆನ್ಸರ್ 60 ಆದರೆ ಆ್ಯಪ್ 65 ಇರಲಿ.

ಜಾವಾಸ್ಕ್ರಿಪ್ಟ್‌ನಿಂದ ಬೇರೆ ಡೊಮೈನ್‌ಗೆ ಕರೆ ಹೋಗುತ್ತಿದ್ದರೆ ಕನ್ಸೋಲ್‌ನ ಕಾರ್ಸ್ (ಬೇರೆ ಡೊಮೈನ್‌ನ ಉತ್ತರ ಓದಲು ಅನುಮತಿ ಕೊಡುವ ನೀತಿ) ದೋಷವನ್ನು ಕುರುಡಾಗಿ ನಂಬಬೇಡಿ. ಕಾರ್ಸ್ ಹೆಡರ್ ಸೇರಿಸುವುದು ಆ್ಯಪ್. ಆ್ಯಪ್ ಸತ್ತು ಪ್ರಾಕ್ಸಿ ತನ್ನದೇ 502 ಪುಟ ಕೊಟ್ಟಾಗ ಆ ಹೆಡರ್ ಇರುವುದಿಲ್ಲ, ಬ್ರೌಸರ್ ಕಾರ್ಸ್ ನೀತಿ ತಡೆಯಿತು ಎನ್ನುತ್ತದೆ. ನಿನ್ನೆವರೆಗೆ ನಡೆಯುತ್ತಿದ್ದ ಕರೆಗೆ ಇಂದು ಕಾರ್ಸ್ ದೋಷ ಬಂದರೆ ಮೊದಲು ನೆಟ್‌ವರ್ಕ್ ಪ್ಯಾನೆಲ್‌ನಲ್ಲಿ ಸ್ಟೇಟಸ್ ನೋಡಿ. ಜಾವಾಸ್ಕ್ರಿಪ್ಟ್‌ನ ಫೆಚ್ ಫಂಕ್ಷನ್ ಕೂಡ ಹೀಗೆಯೇ ಗೊಂದಲ ಮಾಡುತ್ತದೆ. ಕನೆಕ್ಷನ್ ಮುರಿದರೂ ಕಾರ್ಸ್ ತಡೆದರೂ ಅದು ಕೊಡುವುದು ಒಂದೇ ಟೈಪ್‌ಎರರ್, ಆದರೆ ಅದೇ ಡೊಮೈನ್‌ನಿಂದ 502 ಬಂದರೆ ಎರರ್ ಕೊಡುವುದೇ ಇಲ್ಲ. ರೆಸ್ಪಾನ್ಸ್‌ನ ಓಕೆ ಗುಣವನ್ನು ನೀವೇ ಪರೀಕ್ಷಿಸಬೇಕು.

ತೆರೆದೇ ಇರುವ ಕನೆಕ್ಷನ್‌ಗಳು

ಎರಡೂ ಕಡೆಯಿಂದ ಸಂದೇಶ ಹರಿಯಲು ತೆರೆದಿಡುವ ವೆಬ್‌ಸಾಕೆಟ್ ಮುರಿದಾಗ ಕ್ಲೋಸ್ ಸಂಕೇತ ನೋಡಿ. 1006 ಎಂದರೆ ಕ್ಲೋಸ್ ಫ್ರೇಮ್ ಬಾರದೆ ಮುರಿಯಿತು, ಅಂದರೆ ಕ್ರ್ಯಾಶ್ ಅಥವಾ ನೆಟ್‌ವರ್ಕ್. 1001 ಅಥವಾ 1012 ಇದ್ದರೆ ಸರ್ವರ್ ಹೇಳಿಯೇ ಹೋಗಿದೆ. ಬ್ರೌಸರ್ ತಾನಾಗಿ ಮರುಸಂಪರ್ಕ ಮಾಡುವುದಿಲ್ಲ, ಪುಟದ ಸ್ಕ್ರಿಪ್ಟ್‌ನಿಂದ ಪಿಂಗ್ ಫ್ರೇಮ್ ಕಳಿಸಲೂ ಬರುವುದಿಲ್ಲ. ಸರ್ವರ್ 20-30 ಸೆಕೆಂಡಿಗೊಮ್ಮೆ ಏನಾದರೂ ಸಂದೇಶ ಕಳಿಸಲಿ, ಅದು ಎರಡು ಬಾರಿ ತಪ್ಪಿದರೆ ಸ್ಕ್ರಿಪ್ಟ್ ಸಾಕೆಟ್ ಮುಚ್ಚಿ ಹೊಸದು ತೆರೆಯಲಿ. ಮರುಯತ್ನದ ಅಂತರ 1, 2, 4 ಸೆಕೆಂಡ್ ಎಂದು ಏರುತ್ತ, ಪ್ರತಿ ಬಾರಿ ಸ್ವಲ್ಪ ಯಾದೃಚ್ಛಿಕ ತಡ ಸೇರಿರಬೇಕು. ಇಲ್ಲದಿದ್ದರೆ ಎಲ್ಲ ಬ್ರೌಸರ್‌ಗಳೂ ಒಂದೇ ಸೆಕೆಂಡಿಗೆ ಮುಗಿಬಿದ್ದು ಈಗಷ್ಟೇ ಎದ್ದ ಸರ್ವರ್ ಅನ್ನು ಮತ್ತೆ ಬೀಳಿಸುತ್ತವೆ.

ಸರ್ವರ್‌ನಿಂದ ಬರುವ ಅಪ್‌ಡೇಟ್‌ಗಳನ್ನು ಕೇಳುತ್ತಿರುವ ಈವೆಂಟ್‌ಸೋರ್ಸ್ ತಾನೇ ಮರುಸಂಪರ್ಕ ಮಾಡುತ್ತದೆ ಎಂಬ ನಂಬಿಕೆ ಅರ್ಧ ಸತ್ಯ. ಕನೆಕ್ಷನ್ ಮುರಿದರೆ ಮಾಡುತ್ತದೆ. ಮರುಸಂಪರ್ಕದ ವೇಳೆ ಪ್ರಾಕ್ಸಿಯಿಂದ 502 ಬಂದರೆ ಶಾಶ್ವತವಾಗಿ ಕೈಬಿಡುತ್ತದೆ, ಅದರ ಸ್ಥಿತಿ ಹೇಳುವ ರೆಡಿಸ್ಟೇಟ್ 2, ಅಂದರೆ ಮುಚ್ಚಿದೆ ಎಂದಾಗುತ್ತದೆ. ಆ್ಯಪ್ ರೀಸ್ಟಾರ್ಟ್ ಆದ ಮೇಲೆ ಕೆಲವರಿಗೆ ಮಾತ್ರ ಲೈವ್ ಅಪ್‌ಡೇಟ್ ನಿಂತಿದೆ ಎಂಬ ದೂರಿಗೆ ಇದೇ ಕಾರಣ. ಎರರ್ ಬಂದಾಗ ರೆಡಿಸ್ಟೇಟ್ 2 ಆಗಿದ್ದರೆ ಹೊಸ ಈವೆಂಟ್‌ಸೋರ್ಸ್ ರಚಿಸುವ ನಾಲ್ಕು ಸಾಲು ಸೇರಿಸಿದರೆ ಸಾಕು.

ಕ್ರೋಮ್‌ನ ದೋಷ ಪುಟವೂ ಸುಮ್ಮನಿರುವುದಿಲ್ಲ. 1, 5, 30 ಸೆಕೆಂಡ್, ನಂತರ 1, 5, 10, 30 ನಿಮಿಷದ ಅಂತರದಲ್ಲಿ ತಾನೇ ರಿಲೋಡ್ ಮಾಡುತ್ತದೆ. ಯಾರೂ ಮುಟ್ಟದ ಟ್ಯಾಬ್‌ಗಳಿಂದ ರಿಕ್ವೆಸ್ಟ್ ಬರುತ್ತಿರುವುದು ಕಂಡರೆ ಗಾಬರಿ ಬೇಡ.

ಹುಡುಕುವ ಕ್ರಮ

1. ನೆಟ್‌ವರ್ಕ್ ಪ್ಯಾನೆಲ್ ತೆರೆದು, ಪ್ರಿಸರ್ವ್ ಲಾಗ್ ಆನ್ ಮಾಡಿ ಒಮ್ಮೆ ಮಾತ್ರ ಪುಟ ತೆರೆಯಿರಿ. ದೋಷ ಸಂಕೇತ, ತಗುಲಿದ ಸಮಯ, ಪ್ರೋಟೋಕಾಲ್ ಕಾಲಂ ಬರೆದುಕೊಳ್ಳಿ.

2. ಅದೇ ವಿಳಾಸವನ್ನು ಕರ್ಲ್ ಎಂಬ ಕಮಾಂಡ್ ಲೈನ್ ಸಾಧನದಿಂದ ವಿವರವಾದ ಔಟ್‌ಪುಟ್ ಆಯ್ಕೆಯೊಂದಿಗೆ ಕರೆಯಿರಿ. ಕರ್ಲ್ ತಾನಾಗಿ ಮರುಯತ್ನ ಮಾಡಿ ದೋಷ ಮುಚ್ಚಿಡುವುದು ಅಪರೂಪ, ಅದರ ಎಕ್ಸಿಟ್ ಸಂಕೇತ ನೇರ: 6 ಹೆಸರು ಸಿಗಲಿಲ್ಲ, 7 ಸಂಪರ್ಕವಿಲ್ಲ, 28 ಟೈಮ್‌ಔಟ್, 35 ಟಿಎಲ್‌ಎಸ್ ಹಂತ, 52 ಖಾಲಿ ಉತ್ತರ, 18 ಅರ್ಧ ಬಾಡಿ, 56 ಓದುವಾಗ ರೀಸೆಟ್.

3. ಹೆಸರಿಗೆ ಹಲವು ಐಪಿ ವಿಳಾಸಗಳಿದ್ದರೆ ಒಂದೊಂದನ್ನೂ ಬೇರೆಯಾಗಿ ಪರೀಕ್ಷಿಸಿ, ಐಪಿವಿ6 ಮತ್ತು ಐಪಿವಿ4 ಕೂಡ. ಒಂದು ಸತ್ತಿದ್ದರೆ ಬ್ರೌಸರ್ ಇನ್ನೊಂದಕ್ಕೆ ಜಾರಿ, ಪುಟ ನಿಧಾನ ಎಂಬಷ್ಟೇ ದೂರು ಉಳಿಯುತ್ತದೆ.

4. ಪ್ರಾಕ್ಸಿ ಬಿಟ್ಟು ನೇರ ಆ್ಯಪ್ ಪೋರ್ಟ್‌ಗೆ ಅದೇ ಕರೆ ಮಾಡಿ.

5. ಇನ್ನೂ ತಿಳಿಯದಿದ್ದರೆ ಟಿಸಿಪಿಡಂಪ್‌ನಿಂದ ಪ್ಯಾಕೆಟ್‌ಗಳನ್ನು ಸೆರೆಹಿಡಿದು ಫಿನ್ ಅಥವಾ ಆರ್‌ಎಸ್‌ಟಿ ಯಾರ ಕಡೆಯಿಂದ ಮೊದಲು ಹೊರಟಿತು ನೋಡಿ. ಸರ್ವರ್ ಮತ್ತು ಕ್ಲೈಂಟ್ ಎರಡೂ ಕಡೆ ಹಿಡಿಯಿರಿ, ಕ್ಲೈಂಟ್‌ಗೆ ಬಂದ ಆರ್‌ಎಸ್‌ಟಿಯನ್ನು ಸರ್ವರ್ ಕಳಿಸಿರದಿದ್ದರೆ ಅಪರಾಧಿ ನಡುವಿನ ಫೈರ್‌ವಾಲ್. ಕ್ರೋಮ್‌ನ ನೆಟ್ ಎಕ್ಸ್‌ಪೋರ್ಟ್, ಫೈರ್‌ಫಾಕ್ಸ್‌ನ ಅಬೌಟ್ ನೆಟ್‌ವರ್ಕಿಂಗ್ ಪುಟಗಳು ಮರುಯತ್ನಗಳನ್ನೂ ತೋರಿಸುತ್ತವೆ.

ಸರ್ವರ್ ಕಡೆ ಕಾರಣ ಹುಡುಕುವಾಗ ಸತ್ತ ಪ್ರೋಸೆಸ್‌ನ ಎಕ್ಸಿಟ್ ಸಂಕೇತದಿಂದ 128 ಕಳೆಯಿರಿ, ಉಳಿಯುವುದು ಅದನ್ನು ಕೊಂದ ಸಿಗ್ನಲ್‌ನ ಸಂಖ್ಯೆ. 137 ಎಂದರೆ ಸಿಗ್ನಲ್ 9, ಹೆಚ್ಚಿನ ಸಲ ಮೆಮೊರಿ ಸಾಲದೆ ಕೊಂದದ್ದು, ಕರ್ನಲ್ ಲಾಗ್ ತೋರಿಸುವ ಡಿಮೆಸೇಜ್ (dmesg) ಆಜ್ಞೆಯಲ್ಲಿ ಔಟ್ ಆಫ್ ಮೆಮೊರಿ ಸಾಲು ಸಿಗಬೇಕು. 139 ಸೆಗ್‌ಫಾಲ್ಟ್, 134 ಅಬಾರ್ಟ್, 143 ಯಾರೋ ಹೇಳಿ ನಿಲ್ಲಿಸಿದ್ದು. ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿ ಡೀಫಾಲ್ಟ್ ಆಗಿ 10 ಸೆಕೆಂಡಿನಲ್ಲಿ 5 ಬಾರಿ ಶುರುವಾಗಿ ಬಿದ್ದ ಸರ್ವಿಸ್ ಅನ್ನು ಮತ್ತೆ ಎಬ್ಬಿಸುವುದಿಲ್ಲ. ರೀಸ್ಟಾರ್ಟ್ ನಡುವಿನ ವಿರಾಮ ಡೀಫಾಲ್ಟ್ 100 ಮಿಲಿಸೆಕೆಂಡ್ ಮಾತ್ರ ಆದ್ದರಿಂದ, ಡೇಟಾಬೇಸ್ ಎರಡು ಸೆಕೆಂಡ್ ತಡವಾಗಿ ಎದ್ದರೂ ಆ ಐದು ಅವಕಾಶ ಮುಗಿದುಹೋಗಬಹುದು. ವಿರಾಮವನ್ನು 3-5 ಸೆಕೆಂಡಿಗೆ ಏರಿಸಿ.

ಬೇಕೆಂದೇ ಕೆಡಿಸಿ ನೋಡುವುದು

ದೋಷ ಯಾವುದೆಂದು ಊಹಿಸಿದ ಮೇಲೆ ಪರೀಕ್ಷಾ ಯಂತ್ರದಲ್ಲಿ ಅದನ್ನೇ ಹುಟ್ಟಿಸಿ ಹೋಲಿಸಿ. ಪ್ರೋಸೆಸ್‌ಗೆ ಸಿಗ್ನಲ್ 9 ಕಳಿಸಿದರೆ ಮೊದಲ ಬಗೆ: ಫಿನ್ ಅಥವಾ ಆರ್‌ಎಸ್‌ಟಿ, ಆಮೇಲೆ -102. ಸ್ಟಾಪ್ ಸಿಗ್ನಲ್ ಕಳಿಸಿದರೆ ಮಾತನಾಡದ ಪ್ರೋಸೆಸ್: ಕನೆಕ್ಷನ್ ಸಿಗುತ್ತದೆ, ಉತ್ತರ ಬರುವುದಿಲ್ಲ, ಕಂಟಿನ್ಯೂ ಸಿಗ್ನಲ್ ಕೊಟ್ಟರೆ ಕಾಯುತ್ತಿದ್ದವುಗಳೆಲ್ಲ ಒಟ್ಟಿಗೆ ಮುಗಿಯುತ್ತವೆ. ಲಿನಕ್ಸ್ ಫೈರ್‌ವಾಲ್ ಆದ ಐಪಿಟೇಬಲ್ಸ್‌ನಲ್ಲಿ ಆ ಪೋರ್ಟ್‌ಗೆ ಒಳಬರುವುದನ್ನೂ ಹೊರಹೋಗುವುದನ್ನೂ ಡ್ರಾಪ್ ಮಾಡಿದರೆ ಸತ್ತ ಯಂತ್ರ. ಇದನ್ನು ಮಾಡುವಾಗ ಪೋರ್ಟ್ ಸಂಖ್ಯೆ ತಪ್ಪದೆ ಹಾಕಿ. ಇಲ್ಲವಾದರೆ ನಿಮ್ಮ ಎಸ್‌ಎಸ್‌ಎಚ್ ಸೆಷನ್ನೂ ಅದರೊಂದಿಗೇ ಹೋಗುತ್ತದೆ. ಎರಡು ನಿಮಿಷದ ನಂತರ ನಿಯಮವನ್ನು ತೆಗೆದುಹಾಕುವ ಆಜ್ಞೆಯನ್ನು ಮೊದಲೇ ಹಿನ್ನೆಲೆಯಲ್ಲಿ ಓಡಿಸಿಟ್ಟು ಶುರುಮಾಡಿ.